ಮಧ್ಯಾನದ ಗಂಜಿ ಶೀಶಿ

ಭಾಲ್ಕಿಯಿಂದ ಬಂದಿದ್ದ ಗಂಡಸು ನಮ್ಮ ಬೀದರ್ ಜನಾನಾ ದವಾಖಾನಿ ಪಾವಟಿಗಿ ಮ್ಯಾಗ ಕುಂತು ಹೆಗಲಿನ ವಲ್ಲಿಲಿಂದ ಮಾರಿ ಒರಸ್ಕೊಳ್ಳಾಕತ್ತಿದ್ದ. ಬಿಸಲಾಗ ಬಂದಾನ, ಬೆವರಿರಬೇಕು ಅಂತ ತಿಳದೆ. ಹತ್ರ ಹೋಗಿ ನೋಡಿದ್ರ ಅಳ್ಲಾಕತ್ತಾನ.

ನಾ ಅಲ್ಲಿ ನರ್ಸ. ಅವನ ಹೆಂಡತಿ ನಮ್ಮಲ್ಲಿ ಮುದ್ದತಿ ಜ್ವರದಾಗ ಮಲಗಿದ್ದಳು. ವಾರಗಟ್ಟಲೆ ಬಿಡಲಾರದ ಜ್ವರ ಅದು. ಎದಿಹಾಲು ಬತ್ತಿ ಹೋಗಿತ್ತು. ಜ್ವರ ಕೂಸಿಗಿ ಹತ್ತಬಾರದು ಅಂತ ನಮ್ಮ ಡಾಕ್ಟರಬಾಯಿ ಅವರು ಕೂಸಿನ್ನ ಭಾಲ್ಕ್ಯಾಗ ಅಜ್ಜಿ ಹತ್ರಾನೇ ಬಿಡಿಸಿದ್ದರು. ಎರಡು ಹಲ್ಲು ಬಂದಿದ್ದ ಹೆಣ್ಣುಕೂಸು, ಗಂಜಿ ಕುಡಿಯೂ ವಯಸ್ಸು.

"ಬಾಯಿ, ಕೂಸಿನ ಹೊಟ್ಟಿ ಕೆಟ್ಟದ್ರಿ. ನೀರಿನಂಗ ಹೋಗ್ಲಾಕತ್ತದ. ಕಣ್ಣು ಒಳಗ ಸೇರ್ಯಾವ. ಇಕಿ ಮುಂದ ಹ್ಯಾಂಗ ಹೇಳ್ಲಿ?" ಅಂದ.

ಹೇಳೂ ಪ್ರಸಂಗಾನೇ ಬರಲಿಲ್ಲ. ಕಿಟಕಿ ತೆರದಿತ್ತು. ನಾ ಒಳಗ ಹೋಗೂದ್ರಾಗ ಅಕಿ ಎದ್ದು ಕುಂತು ಕಾಲು ಕೆಳಗ ಬಿಟ್ಟಿದ್ದಳು. ಮೈ ಕೆಂಡ ಆಗಿತ್ತು.

"ನನ್ನ ಮನಿಗಿ ಕಳಸ್ರಿ. ನಮ್ಮ ಅತ್ತಿಗಿ ನಾ ಬ್ಯಾಡಾಗಿ ಭಾಳ ದಿನ ಆತು, ಈಗ ನನ್ನ ಕೂಸೂ ಬ್ಯಾಡಾತು. ಇಲ್ಲಿ ಬಂದು ಬಿದ್ದಾಗಿಂದ ಒಂದಿನಾನರೆ ನನ್ನ ನೋಡ್ಲಾಕ ಬಂದಾಳೇನು ಅಕಿ?"

ನಿಲ್ಲಲಾಕ ಹೋಗಿ ನನ್ನ ಮ್ಯಾಗೇ ಬಿದ್ದಳು. ಮಲಗಿಸಿದೆ. ದವಾ ಕೊಟ್ರ ಹಲ್ಲು ಬಿಗಿ ಹಿಡಿದಳು.

ಡಾಕ್ಟರಬಾಯಿ ನನ್ನ ಬಾಜೂ ಕರದ್ರು. ಹೈದರಾಬಾದಿನವರು, ಮಾತು ಕಮ್ಮಿ. "ನೀ ಭಾಲ್ಕಿಗಿ ಹೋಗು. ಕೂಸಿನ ಹೊಟ್ಟಿ ನಿಂತ್ರ ಈಕಿ ಇಲ್ಲಿ ನಿಲ್ತಾಳ. ಕೂಸು ಸುಧಾರಿಸಲಿಲ್ಲಂದ್ರ ಎತ್ಕೊಂಡು ಇಲ್ಲಿಗೇ ಬಾ," ಅಂದ್ರು. ಜ್ವರದವರೇ ತುಂಬಿದ್ದ ಆ ವಾರ್ಡಿಗಿ ಹೊಟ್ಟಿ ಕೆಟ್ಟ ಕೂಸಿನ್ನ ತರೂದಂದ್ರ ಏನಂತ ಅವರಿಗೂ ಗೊತ್ತು, ನನಗೂ ಗೊತ್ತು.

ದವಾ ಪುಡಿ ತುಂಬಿ ಬರ್ತಿದ್ದ ಅಗಲ ಬಾಯಿ ಗಾಜಿನ ಶೀಶಿ ನಮ್ಮಲ್ಲಿ ಖಾಲಿ ಬಿದ್ದಿದ್ದವು. ದೊಡ್ಡ ದೊಡ್ಡವು ಆರಿಸಿ ಕೊಟ್ರು. ಆ ಮನಿ ಒಲಿ ಮುಂಜಾನಿ ಒಮ್ಮೆ, ಸಂಜಿಗಿ ಒಮ್ಮೆ ಹತ್ತತದ, ಕೂಸಿಗಿ ನಡುವ ಎರಡು ಸಲ ಹಸಿವಾಗ್ತದ ಅಂತ ಅವನ ಬಾಯಿಂದ ಕೇಳಿದ್ದರು. ಮುಂಜಾನಿ ಗಂಜಿ ಸಂಜಿ ತನಕ ಕೆಡಲಾರದಂಗ ಇಡಬೇಕಂದ್ರ ಗಾಜೇ ಬೇಕು. ಗಾಜನ್ನ ಎಷ್ಟು ಸಲಾನೂ ಕುದಿಸ್ಲಾಕ ಬರ್ತದ. ಒಳಗ ಹೊಲಸು ಕುಂತ್ರ ಕಣ್ಣಿಗಿ ಕಾಣ್ತದ. ಆ ಮನ್ಯಾಗ ಗಂಜಿ ಇಡ್ತಿದ್ದ ಕಲಾಯಿ ಹೋದ ಹಿತ್ತಾಳಿ ಗಿಂಡ್ಯಾಗ ಎರಡೂ ಆಗೂದಿಲ್ಲ.

ಆಗಿನ್ನೂ ಆ ಕಡಿ ರೈಲು ಬಂದಿರಲಿಲ್ಲ. ಶೀಶಿಗೋಳನ್ನ ಜೋಳದ ಹೊಟ್ಟಿನಾಗ ಹೂತು ಬುಟ್ಟಿ ಕಟ್ಟಿ, ಅವ ಮಂದಿದು ಕೇಳಿ ತಂದಿದ್ದ ಎತ್ತಿನ ದಮಣ್ಯಾಗ ಹತ್ತಿದೆ. ಹಾದಿ ತುಂಬಾ ಅವ ಎತ್ತು ಹೊಡಿಯೂದು, ನಾ ಬುಟ್ಟಿ ಹಿಡಿಯೂದು. ಒಂದೊಂದು ಕಲ್ಲಿಗೂ ನನ್ನ ಜೀವ ಬಾಯಿಗಿ ಬರ್ತಿತ್ತು.

ಭಾಲ್ಕಿ ಮುಟ್ಟಿದಾಗ ಬಾಗಲದಾಗ ಅವನ ತಾಯಿ ನಿಂತಿದ್ದಳು, ಎತ್ತರಾನ, ಒಣಗಿದ ಮೈಯಿನ ಮುದುಕಿ. ಹಣಿ ತುಂಬಾ ವಿಭೂತಿ, ಸೊಂಟದ ಮ್ಯಾಗ ಕೂಸು. ಎಲ್ಲಾರೂ ಅಕಿಗಿ ಆಯಿ ಅಂತಿದ್ದರು, ನಾನೂ ಹಂಗೇ ಅಂದೆ. ನನ್ನ ಮ್ಯಾಲಿಂದ ಕೆಳಗಿನ ತನಕ ನೋಡಿದಳು.

"ನರ್ಸಬಾಯಿ ಅಂದ್ರ ಟೊಪ್ಪಿಗಿ ಹಾಕ್ಕೊಂಡು ಬರ್ತಾಳ ಅಂತ ಮಾಡಿದ್ದೆ. ನಮ್ಮಂಗೇ ಸೀರಿ ಉಟ್ಟಾಳ! ಕೊರಳಾಗ ಲಿಂಗಾನೂ ಅದ. ಯಾವೂರವ್ವಾ ನಿಂದು?"

"ಔರಾದ್ ಕಡಿ ರಿ, ಆಯಿ."

"ಔರಾದಾ? ಹಂಗಾರ ಅರ್ಧಾ ಮಾತು ಮರಾಠ್ಯಾಗ ಆಡ್ತಿ. ಇರ್ಲಿ ಬಿಡು, ಕೂಸಿಗಿ ಯಾವ ಮಾತಾದ್ರೇನು. ಬಾ ಒಳಗ."

ಕೂಸಿನ ಮೈ ಚರ್ಮ ಹಿಡಿದು ಬಿಟ್ರ ಲಗೂನ ಕೆಳಗ ಇಳೀತಿರಲಿಲ್ಲ. ಅಳೂ ದನಿ ಬೆಕ್ಕಿನ ಮರಿದಂಗ ಸಣ್ಣಾಗಿತ್ತು. ಮೊದಲ ಕೆಲಸ ಅಂದ್ರ ನೀರು. ಕುದಿಸಿ ಆರಿಸಿದ ನೀರು, ಅಕ್ಕಿ ತಿಳಿ, ಚಿಟಿಕಿ ಉಪ್ಪು. ಚಮಚಲೇ ಹನಿ ಹನಿ ಹಾಕ್ಕೋತ ಆ ದಿನ ಪೂರಾ ಕಳದೆ. ಆಯಿ ಬಾಜೂ ಬಿಟ್ಟು ಅಲುಗಲಿಲ್ಲ. ಅಕಿ ಕೈ ನಡುಗ್ಲಾಕತ್ತಿದ್ದು ನೋಡಿದೆ. ವಯಸ್ಸಿನ ನಡುಕ ಅಂದ್ಕೊಂಡೆ.

ಮರುದಿನ ಕೂಸು ಒಂದೀಟು ಕಣ್ಣು ಬಿಟ್ಟು ನೋಡ್ತು. ಗಂಜಿಗಿ ಕೈ ಹಾಕಿದ್ವಿ. ಅಕ್ಕಿ, ಹೆಸರಬ್ಯಾಳಿ ಹುರಿದು, ಬೀಸುಕಲ್ಲಿನಾಗ ಸಣ್ಣಗ ಬೀಸಿ, ಮಲ್ಮಲ್ ಅರಬಿಲೇ ಸೋಸಿ, ತಿಳುವಾಗಿ ಕುದಿಸಿದ್ದು. ನಾ ಉಪ್ಪು ಹಾಕೂದನ್ನ ಆಯಿ ಬಗ್ಗಿ ನೋಡಿದಳು.

"ಉಪ್ಪು ಕಮ್ಮಿ ಆಗ್ಯದ."

"ಕೂಸಿಗಿ ಅಷ್ಟೇ ಸಾಕ್ರಿ."

"ನನ್ನ ಮಗ ಉಪ್ಪು ತಿಂದೇ ಇಷ್ಟೆತ್ತರ ಬೆಳದಾನ."

ಶೀಶಿ ಕುದಿಸ್ಲಾಕ ನೀರು ಇಟ್ಟೆ. ಹಾದಿ ದಣಿವೋ ಏನೋ, ಲಗೂ ಆಗ್ಲಿ ಅಂತ ತಣ್ಣನ ಶೀಶಿಗಿ ಸುಡೂ ಗಂಜಿ ಸುರದು ಬಿಟ್ಟೆ. ಟಪ್ ಅಂತು. ತಳಾನೇ ಕಳಚಿ, ಗಂಜಿ ಕೆಳಗಿನ ತಾಟಿನಾಗ ಸುರೀತು.

"ಏ ಯವ್ವಾ! ನಿನ್ನ ಗಾಜಿಗಿ ಒಂದ್ ಬಿಸಿ ತಾಳ್ಲಾಕ ಆಗೂದಿಲ್ಲ. ನನ್ನ ಹಿತ್ತಾಳಿ ಗಿಂಡಿ ನಮ್ಮತ್ತಿ ಅತ್ತಿ ಕಾಲದ್ದು!" ಅಂತ ಆಯಿ ನಕ್ಕೇ ನಕ್ಕಳು. ನಗೂದು ಮುಗದ ಮ್ಯಾಗ ನಾ ಆ ಗಂಜಿ ಬಚ್ಚಲಕ್ಕ ಚೆಲ್ಲಲಾಕ ಎತ್ತಿದೆ. ತಟ್ಟನ ಕೈ ಹಿಡಿದಳು. ಆ ಗಂಜಿ ಮೊದಲೇ ಲಿಂಗಕ್ಕ ತೋರಿಸಿದ್ದು, ಪ್ರಸಾದ. ಗಾಜು ಬಿದ್ದದ್ದರಿಂದ ಯಾರಿಗೂ ತಿನ್ಲಾಕ ಬರೂವಂಗಿರಲಿಲ್ಲ, ಬ್ಯಾರೆ ಹಾದಿ ಇರಲಿಲ್ಲ. ಹಿತ್ತಲದಾಗ ಬಿಲ್ವಪತ್ರಿ ಗಿಡದ ಬುಡಕ ತಾನೇ ಕುಣಿ ತೋಡಿ, ಕೈ ಮುಗದು, ಅದರಾಗ ಹಾಕಿ ಮುಚ್ಚಿದಳು. ನಾ ನೋಡ್ಕೋತ ನಿಂತೆ. ನಮ್ಮ ಮನ್ಯಾಗೂ ಪ್ರಸಾದ ಚೆಲ್ಲೂದಿಲ್ಲ, ಇದರಾಗ ಹೊಸದೇನದ ಅಂದ್ಕೊಂಡು ಒಳಗ ಬಂದೆ.

ಆಮ್ಯಾಗ ಸಬೂರಿಲೇ ಮಾಡಿದ್ವಿ. ದೊಡ್ಡ ಗಡಗಿ ತಳಕ್ಕ ಹಳೀ ಅರಬಿ ಹಾಸೂದು, ಅದರ ಮ್ಯಾಗ ಶೀಶಿ ಮಲಗಿಸೂದು, ತಣ್ಣನ ನೀರು ಮುಳುಗೂವಷ್ಟು ಹಾಕಿ, ನೀರಿನ ಸಂಗಾಟೇ ಶೀಶಿನೂ ಬಿಸಿ ಆಗೂವಂಗ ಒಲಿ ಹಚ್ಚೂದು. ಭರ್ ಭರ್ ಕುದ್ದ ಮ್ಯಾಗ ಚಿಮಟಾಲೇ ಹಿಡಿದು ತಗದು, ಬೋರಲು ಹಾಕಿ ನೀರು ಇಳಿಸೂದು. ಒಳಗ ಒರಸೂದಿಲ್ಲ, ಬಟ್ಟು ಹಾಕೂದಿಲ್ಲ. ಶೀಶಿ ಬಿಸಿ ಇರೂದ್ರಾಗೇ ಗಂಜಿ ತುಂಬಿ, ಅದೇ ನೀರಾಗ ಕುದ್ದ ಅರಬಿ ನಾಕು ಮಡಿಕಿ ಮಾಡಿ ಬಾಯಿಗಿ ಕಟ್ಟೂದು. ಬೂಚು ಬ್ಯಾಡ ಅಂದೆ. ಬೂಚಿನ ತೂತಿನಾಗ ಹಳೀ ಗಂಜಿ ಕುಂದರ್ತದ. ನೀರಿನ ರಂಜಣಗಿ ಬುಡಕ್ಕ ಹಸಿ ಉಸುಕು ಇತ್ತು, ಮನ್ಯಾಗೆಲ್ಲಾ ತಂಪು ಜಾಗಾ ಅದೇ. ಶೀಶಿ ಕುತ್ತಿಗಿ ತನಕ ಅದರಾಗ ಹೂತಿಟ್ವಿ. ಮಧ್ಯಾನ ಒಮ್ಮೆ, ಇಳಿಹೊತ್ತಿಗಿ ಒಮ್ಮೆ ಅದೇ ಶೀಶಿ ತಗದು, ಸಿಗಡ್ಯಾಗ ಕೆಂಡದ ಮ್ಯಾಗಿನ ನೀರಾಗ ನಿಂದರಿಸಿ, ಚಂದಂಗ ಕಾಯಿಸಿ, ಆರಿಸಿ ಕುಡಿಸೂದು. ಸಂಜಿಗಿ ಒಲಿ ಹತ್ತಿದ ಮ್ಯಾಗ ಮುಂಜಾನಿದು ಯಾವದೂ ಕೂಸಿನ ಬಾಯಿಗಿ ಇಲ್ಲ.

ಆಯಿ ಎಲ್ಲಾ ಕಲತಳು, ನನಗಿಂತ ನೀಟಾಗಿ ಮಾಡಿದಳು. ಒಂದೇ ತಕರಾರು: "ಗಾಜಿನಾಗ ಗಂಜಿ ಹೊರಗ ಕಾಣ್ತದ. ಹೋಗವರು ಬರವರು ಎಲ್ಲಾ ನೋಡ್ತಾರ. ನೆದರು ಆಗ್ತದ." ಒಳಗಿಂದ ಕಾಡಿಗಿ ತಂದು, ಕೂಸಿನ ಗಲ್ಲಕ್ಕ ಒಂದು ಬೊಟ್ಟು, ಶೀಶಿ ಹೊಟ್ಟಿಗಿ ಒಂದು ಬೊಟ್ಟು ಇಟ್ಟಳು. ಅಕಿ ಹೆಬ್ಬಟ್ಟಿನ ಮ್ಯಾಗ ಸುಟ್ಟ ಕಲಿ ಇತ್ತು, ಬೊಟ್ಟು ಅರ್ಧ ಚಂದ್ರನಂಗ ಸೊಟ್ಟ ಬೀಳ್ತಿತ್ತು. ಹೊರಗಿನ ಕಾಡಿಗಿಗಿ ನನ್ನದೇನು ತಕರಾರು! ಕುದಿಸಿದ್ರ ಹೋಗ್ತದ, ಮುಂಜಾನಿ ಮತ್ತ ಇಡ್ತಾಳ.

"ಈ ಶೀಶ್ಯಾಗ ಇಟ್ಟದ್ದು ಸಂಜಿ ತನಕ ಕೆಡೂದಿಲ್ಲ ಆಯಿ, ಫಿಕರ್ ಮಾಡಬ್ಯಾಡ್ರಿ," ಅಂತ ಎದಿ ತಟ್ಟಿ ಹೇಳಿದೆ.

ಹೇಳಿ ಕೆಟ್ಟೆ. ಇಳಿಹೊತ್ತಿಗಿ ತಗದ್ರ ಗಂಜಿ ಮ್ಯಾಗ ನೀರು ಬಿಟ್ಟಿತ್ತು, ಮೂಗಿಗಿ ಹುಳಿ ಹುಳಿ ವಾಸನಿ. ಮರುದಿನಾನೂ ಅದೇ ಹಾಡು. ನಾ ಬಾವಿಲಿಂದ ಬರೂಕಿಂತ ಮೊದಲ ಆಯಿ ಅದನ್ನೇ ಕುಡಿಸಿದ್ದಳು, ಕೂಸಿನ ಹೊಟ್ಟಿ ಮತ್ತ ಕೆಟ್ಟಿತು.

ನನಗ ತಲಿ ಕೆಟ್ಟು ಹೋತು. ಬಾವಿ ನೀರು ಬದಲಿ ಮಾಡಿದೆ. ಕಟ್ಟೂ ಅರಬಿ ಬದಲಿ ಮಾಡಿದೆ. ಉಸುಕು ತಗಸಿ ಹೊಸಾದು ಹಾಕಿಸಿದೆ. ಬೀಸುಕಲ್ಲು ತೊಳದೆ. ಹುಳಿ ಮಾತ್ರ ಬಿಡಲಿಲ್ಲ. ಕೂಸಿನ ನೆತ್ತಿ ಸುಳಿ ಮತ್ತ ಒಳಗ ಇಳೀಲಾಕತ್ತಿತು. ಇನ್ನ ಇಲ್ಲಿ ಇಟ್ಕೊಂಡು ಕುಂತ್ರ ಕೂಸು ಕೈ ಬಿಡ್ತದ ಅನಿಸ್ತು. ಅದರಪ್ಪಗ ಹೇಳಿ, ನಾಳಿ ಮಧ್ಯಾನಕ್ಕ ಬೀದರಿಗಿ ಹೋಗೂ ಬಾಡಿಗಿ ದಮಣಿ ಬಾಗಲಿಗಿ ಬರೂವಂಗ ಗೊತ್ತು ಮಾಡಿಸಿದೆ. ಆಯಿ ಕೇಳಿ ಒಳಗ ಹೋದಳು. ಕೂಸಿನ ಕುಲಾಯಿ, ಅರಬಿ ಒಂದೊಂದೇ ಮಡಚಿ ಗಂಟು ಕಟ್ಟಲಾಕ ಕುಂತಳು. ಅಕಿ ಬೈದಿದ್ರ ಛಲೋ ಇತ್ತು.

ಹೋಗೂ ಮುಂಜಾನಿ ಕಡೀ ಒಂದು ಪರೀಕ್ಷಾ ಮಾಡಿ ನೋಡೂಣು ಅಂತ, ಒಂದೇ ಗಡಗಿ ಗಂಜಿ ಎರಡು ಶೀಶಿಗಿ ತುಂಬಿದೆ. ಒಂದು ಕೂಸಿಗಿ. ಇನ್ನೊಂದನ್ನ ಯಾರೂ ಮುಟ್ಟಬಾರದು. ಅದಕ್ಕ ಮೊದಲಿನ ದಿನಾನೂ ಅಂಥಾದೊಂದು ಬಾಯಿ ಬಿಚ್ಚದೇ ಉಳಿದಿತ್ತು. ಅದನ್ನ ತಗದು ನೋಡಿದ್ರ ಮ್ಯಾಗ ನೀರು ಬಿಟ್ಟಿರಲಿಲ್ಲ, ಗಟ್ಟಿಗಿ ಗಟ್ಟಿನೇ ಇತ್ತು. ಅಂದ್ರ ನೀರಿಂದಲ್ಲ, ಗಾಜಿಂದಲ್ಲ, ಉಸುಕಿಂದಲ್ಲ. ಬಾಯಿ ಬಿಚ್ಚಿದ ಶೀಶಿ ಅಷ್ಟೇ ಕೆಡ್ತದ. ಬಿಚ್ಚೂದಕ್ಕೂ ಕಟ್ಟೂದಕ್ಕೂ ನಡುವ ಏನೋ ನಡದದ. ಅಷ್ಟು ದಿನ ಆ ಹೊತ್ತಿನಾಗೇ ನಾ ಬಾವಿ ಮ್ಯಾಗ ಅರಬಿ ಒಗ್ಯಾಕ ಹೋಗ್ತಿದ್ದೆ.

ಆ ಮಧ್ಯಾನ ಹೋಗಲಿಲ್ಲ. ಅಕ್ಕಿ ಆರಿಸೂ ನೆವದಾಗ ಮರ ಮುಂದಿಟ್ಕೊಂಡು ಹೊಸ್ತಲದಾಗ ಕುಂತೆ.

ಆಯಿ ಕೈ ತೊಳಕೊಂಡಳು. ಶೀಶಿ ಕಾಯಿಸಿದಳು. ಬೆಳ್ಳಿ ಬಟ್ಟಲಕ್ಕ ಗಂಜಿ ಹಾಕಿ, ಲಿಂಗಕ್ಕ ತೋರಿಸಿ, ಕೂಸಿನ್ನ ಕಾಲ ಮ್ಯಾಗ ಹಾಕ್ಕೊಂಡು ಚಮಚಲೇ ಕುಡಿಸಿದಳು. ಎಲ್ಲಾ ನಾ ಹೇಳಿಕೊಟ್ಟಂಗೇ. ಕೂಸು ಅರ್ಧಾ ಕುಡಿದು ಬಾಯಿ ತಿರುವಿತು. ಬಟ್ಟಲದಾಗ ಉಳಿದಿತ್ತು, ಜೊಲ್ಲು ಬಿದ್ದದ್ದು. ಆಯಿ ಆ ಬಟ್ಟಲ ಕಣ್ಣಿಗಿ ಒತ್ತಿಕೊಂಡು, ಉಳಿದ ಗಂಜಿ ಹನಿ ಬಿಡದೇ ಮತ್ತ ಶೀಶ್ಯಾಗ ಸುರುವಿ, ಕುದ್ದ ಅರಬಿ ಕಟ್ಟಿದಳು.

"ಆಯೀ!" ಅಂತ ಒದರಿದೆ. ಅಕ್ಕಿ ಚೆಲ್ಲಾಪಿಲ್ಲಿ ಆತು. "ಏನ್ ಮಾಡಿದ್ರಿ ಇದು! ಎಂಜಲ ಶೀಶಿಗಿ ಹಾಕ್ತಾರೇನ್ರಿ?"

"ಎಂಜಲ ಅನ್ನಬ್ಯಾಡ. ಪ್ರಸಾದ ಅದು."

"ಚೆಲ್ಲೂದಾಗದಿದ್ರ ದನಕ್ಕ ಹಾಕ್ರಿ!"

"ಲಿಂಗಕ್ಕ ತೋರಿಸಿದ್ದು ದನಕ್ಕ ಹಾಕ್ಲೇನು? ಮುಂಜಾನಿ, ರಾತ್ರಿ ಮಗ ಮನ್ಯಾಗ ಇರ್ತಾನ, ಕೂಸು ಬಿಟ್ಟದ್ದು ಅವ ತಿಂತಾನ. ಮಧ್ಯಾನ ಅವ ಅಂಗಡ್ಯಾಗ, ಮನ್ಯಾಗ ಯಾರದಾರ? ಸಂಜಿ ತನಕ ಬಟ್ಟಲದಾಗ ಇಟ್ರ ಹುಳಿ ಬರ್ತದ." ಆಮ್ಯಾಗ ನನ್ನ ಮಾರಿ ದಿಟ್ಟಿಸಿ ನೋಡಿದಳು. "ಅದಕ್ಕೇ ಶೀಶ್ಯಾಗ ಹಾಕ್ತೇನಿ. ಶೀಶ್ಯಾಗ ಇಟ್ಟದ್ದು ಸಂಜಿ ತನಕ ಕೆಡೂದಿಲ್ಲ ಅಂತ ಎದಿ ತಟ್ಟಿ ಹೇಳಿದವಳು ನೀನೇ ಹೌದಲ್ಲ?"

ಖರೇನೇ. ಅಕಿ ನನ್ನ ಮಾತು ಅಷ್ಟು ನಂಬಿದ್ದಳು.

"ಮತ್ತ ನೀವರೆ ತಿನ್ರಿ ಆಯಿ. ಒಂದು ತುತ್ತು ಗಂಜಿ."

ಆಯಿ ಕೂಸಿನ ಬೆನ್ನು ಸವರಿದಳು. "ಒಪ್ಪತ್ತು ಹಿಡದೇನಿ," ಅಂದಳು. "ಸಂಜಿಗಿ ಒಂದೇ ಊಟ. ಸೊಸಿ ತನ್ನ ಕಾಲಿಲೇ ಈ ಹೊಸ್ತಲ ದಾಟಿ ಬಂದು ಕೂಸಿನ್ನ ಎತ್ಕೊಳ್ಳೂ ತನಕ. ಲಿಂಗ ಕೈಯಾಗ ಹಿಡಿದು ಮಾತು ಕೊಟ್ಟೇನಿ. ನಡುವ ಒಂದು ತುತ್ತು ತಿಂದು ಅಕಿಗಿ ಏನರೆ ಆದ್ರ?"

ಯಪ್ಪಾ! ಅಕಿ ಕೈ ನಡುಕ ಹಸಿವಿನ ನಡುಕ. ಬೀದರಿನಾಗ ಸೊಸಿ ಅತ್ತಿಗಿ ನಾ ಬ್ಯಾಡಾಗೀನಿ ಅಂತ ಅಳ್ಲಾಕತ್ತಾಳ; ಇಲ್ಲಿ ಅತ್ತಿ ಸೊಸಿ ಸಲುವಾಗಿ ಹೊಟ್ಟಿ ಕಟ್ಟಿ ಕುಂತಾಳ. ಕೂಸಿನ್ನ ಬಿಟ್ಟು ಅಕಿ ಬೀದರಿಗಿ ಹ್ಯಾಂಗ ಬರಬೇಕು? ನನಗ ಸಿಟ್ಟೂ ಬಂತು, ಅಳೂನೂ ಬಂತು.

ಅಕಿ ಬಾಜೂ ಕುಂತು ಎರಡೂ ಶೀಶಿ ಮುಂದಿಟ್ಟು ಹೇಳಿದೆ. "ಇದು ಮುಟ್ಟಲಾರದ್ದು, ಗಟ್ಟಿ ಅದ. ಇದರಾಗ ಕೂಸಿನ ಜೊಲ್ಲು ಬಿತ್ತು, ಇನ್ನ ಇಳಿಹೊತ್ತಿನ ತನಕ ನೀರಾಗಿ ಹುಳಿ ಬರ್ತದ. ಗಾಜು ಹೊರಗಿನ ಹೊಲಸು ತಡೀತದ ಆಯಿ. ಒಳಗ ನಾವೇ ಹಾಕಿದ್ದಕ್ಕ ಅದೇನು ಮಾಡೀತು?"

ಆಯಿ ಎರಡೂ ಶೀಶಿ ಕೈಯಾಗ ತಗೊಂಡು ನೋಡಿದಳು. "ನಿನಗಿಂತ ಮೊದಲ ಹಿತ್ತಾಳಿ ಗಿಂಡ್ಯಾಗೂ ನಾ ಹಂಗೇ ಸುರುವಿದ್ದೆ," ಅಂದಳು. "ಅಂದ್ರ ನನ್ನ ಕೂಸಿಗಿ ನಾನೇ…" ಅಷ್ಟು ಗಟ್ಟಿ ಹೆಣ್ಣುಮಗಳು, ಕೂಸಿನ ತಲಿ ಮ್ಯಾಗ ಮಾರಿ ಇಟ್ಟು ಬಿಕ್ಕಿದಳು.

ಅದೇ ಹೊತ್ತಿಗಿ ಹೊರಗ ಎತ್ತಿನ ಗೆಜ್ಜಿ ಸಪ್ಪಳ ಆತು. ದಮಣಿಯವ ಕೂಗಿದ: "ಬರ್ರಿ ಬಾಯಿ, ಹೊತ್ತಾಗ್ಲಾಕತ್ತದ!"

ಗಂಟು ಕಟ್ಟಿ ಇಟ್ಟಿತ್ತು. ಡಾಕ್ಟರಬಾಯಿ ಮಾತು ನೆನಪಿತ್ತು: ಸುಧಾರಿಸಲಿಲ್ಲಂದ್ರ ಎತ್ಕೊಂಡು ಬಾ. ಕೂಸು ಸುಧಾರಿಸಿರಲಿಲ್ಲ. ನಾ ಇಲ್ಲೇ ಉಳಿದು ಏನರೆ ಹೆಚ್ಚು ಕಮ್ಮಿ ಆದ್ರ ತಪ್ಪು ಪೂರಾ ನನ್ನ ತಲಿ ಮ್ಯಾಗ. ಆದ್ರ ಈಗ ರೋಗದ ಬೇರು ಕೈಗಿ ಸಿಕ್ಕಿತ್ತು. ಬೀದರ್ ಹಾದಿ ಬಿಸಲಾಗ ಆ ಕೂಸಿನ್ನ ಒಯ್ಯೂದು, ಒಯ್ದು ಜ್ವರದವರ ನಡುವ ಮಲಗಿಸೂದು… ನಾ ಎದ್ದು ಹೊರಗ ಹೋದೆ.

"ದಮಣಿ ಹೊಳ್ಳಿ ಒಯ್ಯಪ್ಪಾ. ಬೀದರಿಗಿ ಹೋಗವನಿದ್ರ ದವಾಖಾನ್ಯಾಗ ಡಾಕ್ಟರಬಾಯಿಗಿ ಹೇಳು, ನರ್ಸಬಾಯಿ ಕೂಸಿನ ಹತ್ರಾನೇ ಉಳದಾಳ, ಸಣ್ಣ ಶೀಶಿ ಇದ್ರ ಕಳಸ್ಲಾಕ ಹೇಳ್ಯಾಳ ಅಂತ."

ಒಳಗ ಬಂದ್ರ ಆಯಿ ಕಣ್ಣು ಒರಸ್ಕೊಂಡು ಎದ್ದಿದ್ದಳು. ಕೂಸಿನ್ನ ನನ್ನ ಉಡ್ಯಾಗ ಹಾಕಿ ಅಡಗಿಮನಿಗಿ ಹೋದಳು. ಸಂಜಿಗಿ ಅಂತ ಮುಚ್ಚಿಟ್ಟಿದ್ದ ಜ್ವಾಳದ ರೊಟ್ಟಿ ತಾಟಿಗಿ ಹಾಕ್ಕೊಂಡು ನನ್ನ ಎದುರು ಬಂದು ಕುಂತಳು.

"ಒಪ್ಪತ್ತು ಅಂದ್ರ ಒಂದು ಹೊತ್ತು. ಆ ಒಂದು ಹೊತ್ತು ಸಂಜಿನೇ ಆಗಬೇಕಂತ ನಾ ಲಿಂಗದ ಮುಂದ ಅಂದಿಲ್ಲ," ಅಂದಳು. "ಇವತ್ತಿಂದ ನನ್ನ ಊಟ ಕೂಸಿನ ಸಂಗಾಟ, ಮಧ್ಯಾನಕ್ಕ. ಸಂಜಿಗಿ ಇಲ್ಲ. ಇಳಿಹೊತ್ತಿಂದು ಉಳದ್ರ ಮಗ ಅಂಗಡಿಲಿಂದ ಲಗೂ ಬಂದು ತಿನ್ಲಿ, ಅವನ ಕೂಸು ಹೌದಲ್ಲ."

ರೊಟ್ಟಿ ಮುರಿದು, ಜೊಲ್ಲು ಬಿದ್ದಿದ್ದ ಆ ಶೀಶಿ ಬಾಯಿ ಬಿಚ್ಚಿ, ಒಳಗಿದ್ದ ಗಂಜಿ ಪೂರಾ ರೊಟ್ಟಿ ಮ್ಯಾಗ ಸುರುವಿ ಕಲಿಸಿದಳು. ಒಂದು ತುತ್ತು ನುಂಗಿ ನನ್ನ ಕಡಿ ನೋಡಿದಳು.

"ಉಪ್ಪು ಕಮ್ಮಿ ಆಗ್ಯದ."

ಮುಟ್ಟಲಾರದ ಶೀಶಿ ಇಳಿಹೊತ್ತಿಗಿ ತಗದ್ವಿ. ಆಯಿ ಮೂಸಿ ನೋಡಿದಳು, ನಾ ಮೂಸಿ ನೋಡಿದೆ, ಅಂಗಡಿಲಿಂದ ಓಡಿ ಬಂದ ಮಗ ಮೂಸಿ ನೋಡಿದ. ಹುಳಿ ಇಲ್ಲ. ಮೂವರೂ ಸುಳ್ಳೇ ಸುಳ್ಳೇ ಮತ್ತ ಮತ್ತ ಮೂಸಿ ನಕ್ವಿ.

ಆಮ್ಯಾಗ ಸಣ್ಣ ಶೀಶಿ ಬಂದವು. ಒಂದು ಹೊತ್ತಿಗಿ ಒಂದು ಶೀಶಿ, ಬಿಚ್ಚಿದ್ದು ಅದೇ ಹೊತ್ತಿಗಿ ಖಾಲಿ, ಖಾಲಿ ಆದದ್ದು ಸೀದಾ ಕುದಿಯೂ ನೀರಿನ ಸಾಲಿಗಿ. ಲಿಂಗಕ್ಕ ತೋರಿಸೂದು ಬಟ್ಟಲದಾಗಿಂದಷ್ಟೇ, ಬಟ್ಟಲಕ್ಕ ಹಾಕೂದು ಮೂರ್ನಾಕು ಚಮಚ. ಕುಡಿದ್ರ ಮತ್ತ ಹಾಕೂದು. ಕೂಸಿನ ಹೊಟ್ಟಿ ನಿಧಾನಕ್ಕ ಹಿಡೀತು. ಒಂದಿನ ಮುಂಜಾನಿ ಗಂಜಿ ತಡಾ ಆತಂತ ಓಣಿ ಕೇಳೂವಂಗ ಚೀರಿತು. ಆಯಿ ಕೈ ಜೋಡಿಸಿ ನಿಂತು ಆ ಅಳೂ ಕೇಳಿದಳು. "ಅಳು ನನ್ನವ್ವಾ, ಅಳು. ಇನ್ನೂ ಜೋರ್ ಅಳು," ಅಂದಳು.

ನಾ ಬೀದರಿಗಿ ಹೊಂಟಾಗ ಒಂದು ಖಾಲಿ ಶೀಶಿ ತೊಳೀದೇ ಹಂಗೇ ಸೀರಿ ಸೆರಗಿನಾಗ ಕಟ್ಕೊಂಡೆ. ವಾರ್ಡಿನಾಗ ಆ ತಾಯಿ ಗ್ವಾಡಿ ಕಡಿ ಮಾರಿ ಮಾಡಿ ಮಲಗಿದ್ದಳು. ದವಾ ತಗೋತಿದ್ದಳು, ಆದ್ರ ಯಾರ ಸಂಗಾಟನೂ ಮಾತಿಲ್ಲ. ಅಕಿ ಕೈಗಿ ಶೀಶಿ ಕೊಟ್ಟೆ. ಕಾಡಿಗಿ ಬೊಟ್ಟು ನೋಡಿದಳು. ಅರ್ಧ ಚಂದ್ರನಂಗ ಸೊಟ್ಟ.

"ಇದು ನಮ್ಮ ಅತ್ತಿ ಹೆಬ್ಬಟ್ಟು," ಅಂದಳು.

"ಹೌದವ್ವಾ. ನಿನ್ನ ಅತ್ತಿ ಒಪ್ಪತ್ತು ಹಿಡದಾಳ. ನೀ ಜ್ವರದಾಗ ಬಿದ್ದ ದಿನಲಿಂದ." ಎಲ್ಲಾ ಹೇಳಿದೆ. ಅಕಿ ಶೀಶಿ ಎದಿ ಮ್ಯಾಗ ಇಟ್ಕೊಂಡು ಅತ್ತಳು. ಅತ್ತು ಮುಗಿಸಿ, "ಬ್ಯಾಳಿ ಕಟ್ಟು ತರ್ರಿ, ಕುಡೀತೇನಿ," ಅಂದಳು.

ಜ್ವರ ಇಳಿದು ಕಾಲಿಗಿ ಬಲ ಬಂದ ಮ್ಯಾಗ ಅಕಿನ್ನ ಮನಿ ಮುಟ್ಟಿಸ್ಲಾಕ ಡಾಕ್ಟರಬಾಯಿ ನನ್ನನ್ನೇ ಕಳಿಸಿದ್ರು. ಬಾಗಲದಾಗ ದಮಣಿ ನಿಂತಾಗ ಗಂಡ ಎತ್ತಿ ಇಳಸ್ತೇನಿ ಅಂದ. "ಬ್ಯಾಡ, ಸರೀರಿ," ಅಂದು ಅಕಿ ತಾನೇ ಇಳಿದು, ಗ್ವಾಡಿ ಹಿಡ್ಕೊಂಡು, ತನ್ನ ಕಾಲಿಲೇ ಹೊಸ್ತಲ ದಾಟಿ ಕೂಸಿನ್ನ ಎತ್ಕೊಂಡಳು. ಕೂಸು ಮೊದಲ ಗುರ್ತು ಹಿಡೀಲಿಲ್ಲ. ಆಮ್ಯಾಗ ಕೊರಳು ಹಿಡದಿದ್ದು ಬಿಡಲಿಲ್ಲ.

ಸಂಜಿಗಿ ಒಲಿ ಹತ್ತಿತು. ಸೊಸಿ ತಾನೇ ಗಂಜಿ ಮಾಡಿ ಕೂಸಿಗಿ ಕುಡಿಸಿದಳು. ಬಟ್ಟಲದಾಗ ಎರಡು ಚಮಚ ಉಳೀತು. ಗಂಡ ಕೈ ಚಾಚಿದ. ಅಕಿ ಅವನಿಗಿ ಕೊಡಲಿಲ್ಲ. ತಾಟಿಗಿ ಬಿಸಿ ರೊಟ್ಟಿ ಹಾಕಿ, ಅದರ ಮ್ಯಾಗ ಆ ಗಂಜಿ ಸುರುವಿ, ಕಂಬಕ್ಕ ಬೆನ್ನು ಹಚ್ಚಿ ಕುಂತಿದ್ದ ಆಯಿ ಮುಂದ ಇಟ್ಟಳು.

"ಅತ್ತಿ, ಸಂಜಿ ಊಟ ಮಾಡ್ರಿ."

ಆಯಿ ಸೊಸಿ ಕಾಲು ನೋಡಿದಳು, ಹೊಸ್ತಲ ನೋಡಿದಳು. ಒಂದು ತುತ್ತು ಬಾಯಿಗಿ ಇಟ್ಟಳು. ಕಣ್ಣೀರು ಗಲ್ಲ ಇಳಿದು ತಾಟಿನಾಗ ಬಿತ್ತು, ಒರಸ್ಕೊಳ್ಳಲಿಲ್ಲ.

"ಉಪ್ಪು ಕಮ್ಮಿ ಆಗ್ಯದ," ಅಂದಳು. ಅಂದು, ಇನ್ನೊಂದು ರೊಟ್ಟಿ ಹಾಕು ಅಂತ ತಾಟು ಸೊಸಿ ಮುಂದ ಸರಿಸಿದಳು.